ಮೊದಲು ನಿಮ್ಮ ಊರಿನ ಹೆಸರು ಬರೆದು ನೋಡಿ

ವೆಬ್ ಚಿತ್ರಗಳಿಗೆ ಸುಲಭದ ಸಾಫ್ಟ್‌ವೇರ್ ಯಾವುದು? ನಾಲ್ಕು ತಾಲ್ಲೂಕುಗಳು ಕಲಿಸಿದ ಪಾಠಗಳು

ದಾವಣಗೆರೆಯಿಂದ ದಕ್ಷಿಣಕ್ಕೆ ಚನ್ನಗಿರಿ, ನೈಋತ್ಯಕ್ಕೆ ಹೊನ್ನಾಳಿ ಮತ್ತು ನ್ಯಾಮತಿ, ಪೂರ್ವಕ್ಕೆ ಜಗಳೂರು. ಈ ಊರುಗಳ ಅಂಗಡಿ, ಅಡಿಕೆ ಮಂಡಿ, ಶಾಲೆ, ದೇವಸ್ಥಾನ ಸಮಿತಿಗಳಿಗೆ ವೆಬ್‌ಸೈಟಿನ ಚಿತ್ರ, ವಾಟ್ಸ್‌ಆ್ಯಪ್ ಪೋಸ್ಟರ್ ಮಾಡಿಕೊಡುವುದು ನನ್ನ ಕೆಲಸ. ಮಾಡಿಕೊಟ್ಟು ಬರುವುದಕ್ಕಿಂತ ಅಲ್ಲಿನವರಿಗೇ ಕಲಿಸಿ ಬರುವುದು ನನಗೆ ಹೆಚ್ಚು ಇಷ್ಟ. ಕಲಿಸಲು ಕೂತ ಕೂಡಲೇ ಎಲ್ಲರೂ ಕೇಳುತ್ತಾರೆ: ‘ಸಾರ್, ಯಾವ ಸಾಫ್ಟ್‌ವೇರ್ ಈಜಿ?’

ಹಿಂದೆ ನಾನು ಒಂದು ಹೆಸರು ಹೇಳಿ ಮುಗಿಸುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. ಬೆಂಗಳೂರಿನ ವಿನ್ಯಾಸಕಾರರಿಗೆ ಸುಲಭವಾದದ್ದು ನಮ್ಮ ತಾಲ್ಲೂಕಿನ ಹಳೆಯ ಕಂಪ್ಯೂಟರಿನಲ್ಲಿ ತೆರೆಯುವುದೇ ಕಷ್ಟ. ಇಂಗ್ಲಿಷಿನಲ್ಲಿ ಸಲೀಸಾಗಿ ಓಡುವುದು ಕನ್ನಡದ ಒತ್ತಕ್ಷರ ಬಂದರೆ ಎಡವುತ್ತದೆ. ಕನ್ನಡ ಮುರಿಯದೆ ಬರೆಯುವುದು, ನಮ್ಮ ಕಂಪ್ಯೂಟರಿನಲ್ಲಿ ಓಡುವುದು, ನಾಳೆ ಇನ್ನೊಬ್ಬರೂ ತೆರೆದು ತಿದ್ದಬಹುದಾದದ್ದು. ಈ ಮೂರೂ ಇದ್ದರೆ ಅದನ್ನು ಸುಲಭ ಎನ್ನಬೇಕು. ಈ ಮಾತಿಗೆ ನಾನು ಬಂದ ದಾರಿ ಕೆಳಗಿನ ಪಾಠಗಳಲ್ಲಿದೆ.

1. ಸಾಫ್ಟ್‌ವೇರ್ ಹುಡುಕುವ ಮೊದಲು ಕೆಲಸದ ಪಟ್ಟಿ ಮಾಡಿ

ಚನ್ನಗಿರಿಯ ಒಬ್ಬ ಅಡಿಕೆ ವ್ಯಾಪಾರಿ ಮಗನಿಗೆ ಫೋಟೋಶಾಪ್ ಕಲಿಸಿ ಎಂದು ಕರೆದರು. ‘ಏನೇನು ಮಾಡಬೇಕು?’ ಎಂದು ಕೇಳಿ ಹಾಳೆಯಲ್ಲಿ ಬರೆಸಿದೆ. ಪ್ರತಿದಿನ ರಾಶಿ, ಬೆಟ್ಟೆ, ಸರಕು, ಗೊರಬಲು ಧಾರಣೆಯ ಕಾರ್ಡು. ವಾರಕ್ಕೊಮ್ಮೆ ಎರಡು–ಮೂರು ಫೋಟೋ. ವರ್ಷಕ್ಕೆ ನಾಲ್ಕು ಹಬ್ಬದ ಶುಭಾಶಯ. ಅಷ್ಟೇ.

ಈ ಪಟ್ಟಿಯಲ್ಲಿ ಫೋಟೋಶಾಪ್ ಬೇಡುವ ಕೆಲಸ ಒಂದೂ ಇಲ್ಲ. ದಿನವೂ ಅಂಕಿ ಮಾತ್ರ ಬದಲಾಗುವ ಕಾರ್ಡಿಗೆ ಬೇಕಾದದ್ದು ಒಂದು ಅಚ್ಚು. ಕ್ಯಾನ್ವಾ ಎಂಬ ಬ್ರೌಸರ್ ಸಾಧನದಲ್ಲಿ ಅದನ್ನು ಒಮ್ಮೆ ಮಾಡಿಟ್ಟೆವು. ಬೆಳಿಗ್ಗೆ ನಕಲು ತೆಗೆದು, ನಾಲ್ಕು ಅಂಕಿ, ಒಂದು ದಿನಾಂಕ ತಿದ್ದಿ ಇಳಿಸಿಕೊಂಡರೆ ಐದು ನಿಮಿಷದ ಕೆಲಸ. ಮೂರನೇ ದಿನದಿಂದ ಹುಡುಗ ನನಗೆ ಫೋನ್ ಮಾಡಲಿಲ್ಲ.

2. ಊರಿನ ಹೆಸರೇ ಪರೀಕ್ಷೆ

ನ್ಯಾಮತಿ ತಾಲ್ಲೂಕಿನ ಒಂದು ಪ್ರೌಢಶಾಲೆಯ ಮಕ್ಕಳು ತೀರ್ಥರಾಮೇಶ್ವರಕ್ಕೆ ಪ್ರವಾಸ ಹೊರಟಿದ್ದರು. ಅದಕ್ಕೊಂದು ಪೋಸ್ಟರ್. ಅಲ್ಲಿದ್ದ ಲ್ಯಾಪ್‌ಟಾಪಿನ ಹಳೆಯ ಚಿತ್ರ ಸಾಫ್ಟ್‌ವೇರಿನಲ್ಲೇ ಅವಸರದಲ್ಲಿ ಮಾಡಿ ತೋರಿಸಿದೆ. ಕನ್ನಡ ಮೇಷ್ಟ್ರು ಹತ್ತಿರ ಬಂದು ಪರದೆಯ ಮೇಲೆ ಬೆರಳಿಟ್ಟರು. ಅಲ್ಲಿ ‘ತೀರ್‌ಥರಾಮೇಶ್‌ವರ’ ಎಂದಿತ್ತು. ಥಕಾರದ ಪಕ್ಕ ಕೂರಬೇಕಾದ ಅರ್ಕಾವತ್ತು ಬಿಡಿ ರ್ ಆಗಿ ಮುಂದೆ ನಿಂತಿತ್ತು. ಶಕಾರದ ಕೆಳಗೆ ಇಳಿಯಬೇಕಾದ ವಕಾರ ಪಕ್ಕದಲ್ಲಿತ್ತು. ‘ಒತ್ತಕ್ಷರ ಕಲಿಸೋ ಜಾಗದಲ್ಲಿ ಇದನ್ನ ಹೆಂಗೆ ಅಂಟಿಸೋದು ಸಾರ್?’ ಎಂದರು. ಅವರ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಪೋಸ್ಟರನ್ನು ಅಳಿಸಿ ಮತ್ತೆ ಮಾಡಿದೆ.

ಹೀಗಾಗುವುದಕ್ಕೆ ಕಾರಣ ಇದು. ಯೂನಿಕೋಡ್‌ನಲ್ಲಿ ‘ತೀರ್ಥ’ ಎಂದರೆ ತ, ದೀರ್ಘದ ಗುಡಿಸಿನ ಚಿಹ್ನೆ, ರ, ಹಲಂತ, ಥ ಎಂಬ ಐದು ಸಂಕೇತಗಳ ಸಾಲು. ಅವನ್ನು ಹೆಣೆದು ಅಕ್ಷರದ ರೂಪ ಕೊಡುವ ಕೆಲಸಕ್ಕೆ ಸಾಫ್ಟ್‌ವೇರಿನ ಒಳಗೆ ಬೇರೆಯೇ ಒಂದು ಭಾಗವಿರುತ್ತದೆ. ಗಿಂಪ್, ಇಂಕ್‌ಸ್ಕೇಪ್ ಎಂಬ ಚಿತ್ರ ಸಾಫ್ಟ್‌ವೇರ್‌ಗಳಲ್ಲಿ ಆ ಕೆಲಸವನ್ನು ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ ಮಾಡುತ್ತದೆ, ಕನ್ನಡ ಸರಿಯಾಗಿ ಮೂಡುತ್ತದೆ. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಒತ್ತಕ್ಷರ ಒಡೆಯುತ್ತಿತ್ತು. ಹೊಸದರಲ್ಲಿ ‘ವರ್ಲ್ಡ್ ರೆಡಿ’ ಎಂಬ ಆಯ್ಕೆ ಒತ್ತಿದರೆ ಸರಿಹೋಗುತ್ತದೆ. ಇದು ತಿಳಿಯದೆ ಎಷ್ಟೋ ಮಂದಿ ‘ಕನ್ನಡ ಬರಲ್ಲ’ ಎಂದು ಕೈಬಿಟ್ಟಿದ್ದಾರೆ.

ಅಂದಿನಿಂದ ಯಾವ ಸಾಫ್ಟ್‌ವೇರ್ ಸಿಕ್ಕರೂ ಮೊದಲು ಈ ಸಾಲು ಬರೆಯುತ್ತೇನೆ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ತೀರ್ಥರಾಮೇಶ್ವರ, ಪುಷ್ಕರಣಿ. ಚನ್ನಗಿರಿಯಲ್ಲಿ ನಕಾರದ ಒತ್ತು, ಹೊನ್ನಾಳಿಯಲ್ಲಿ ಒಕಾರದ ಜೊತೆಗೆ ಒತ್ತು, ನ್ಯಾಮತಿಯಲ್ಲಿ ಯವೊತ್ತು, ಕೊನೆಯ ಎರಡರಲ್ಲಿ ಅರ್ಕಾವತ್ತು, ಶ್ವ, ಷ್ಕ. ಜಗಳೂರಿನಲ್ಲಿ ಒತ್ತಕ್ಷರವೇ ಇಲ್ಲ, ಆದ್ದರಿಂದ ಆ ಹೆಸರು ಒಂದನ್ನೇ ಬರೆದು ನೋಡಿ ನಂಬಬೇಡಿ. ಇನ್ನೂ ಎರಡು ಸಂಗತಿ ಗಮನಿಸಿ. ಸಾಲುಗಳ ನಡುವಿನ ಅಂತರ ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಇಂಗ್ಲಿಷಿನವರಂತೆ ಅಕ್ಷರಗಳ ನಡುವೆ ಜಾಗ ಎಳೆದರೆ ಒತ್ತು ತನ್ನ ಅಕ್ಷರ ಬಿಟ್ಟು ಸರಿಯಬಹುದು.

3. ನುಡಿಯಲ್ಲಿ ಹೊಡೆದದ್ದು ವೆಬ್‌ಗೆ ಹಾಗೇ ಬರುವುದಿಲ್ಲ

ನಮ್ಮ ಡಿಟಿಪಿ ಅಂಗಡಿಗಳಲ್ಲಿ ಲಗ್ನಪತ್ರಿಕೆ, ಕರಪತ್ರ ಇಂದಿಗೂ ಪೇಜ್‌ಮೇಕರ್, ಕೋರಲ್‌ಡ್ರಾಗಳಲ್ಲಿ ನುಡಿ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಆಸ್ಕಿ ಫಾಂಟುಗಳಿಂದಲೇ ತಯಾರಾಗುತ್ತವೆ. ಆ ಕೆಲಸಗಾರರ ಕೈವೇಗ ನೋಡಿ ಕಲಿಯುವಂಥದ್ದು. ಆದರೆ ಆಸ್ಕಿ ಫಾಂಟಿನಲ್ಲಿರುವುದು ಕನ್ನಡದ ವೇಷ ಹಾಕಿದ ರೋಮನ್ ಸಂಕೇತಗಳು. ಅದನ್ನು ನಕಲಿಸಿ ಕ್ಯಾನ್ವಾ, ಗಿಂಪ್‌ಗಳಲ್ಲಿ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಬರುತ್ತದೆ. ನುಡಿಯಲ್ಲೂ ‘ಬರಹ’ ತಂತ್ರಾಂಶದಲ್ಲೂ ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಸೌಲಭ್ಯವಿದೆ. ಬದಲಿಸಿದ ಮೇಲೆ ಒಮ್ಮೆ ಓದಿ, ಅರ್ಕಾವತ್ತು ಇರುವ ಪದಗಳನ್ನು ವಿಶೇಷವಾಗಿ ನೋಡಿ.

ಯೂನಿಕೋಡ್ ಫಾಂಟುಗಳಿಗೆ ಈಗ ಬರವಿಲ್ಲ. ಗೂಗಲ್ ಫಾಂಟ್ಸ್‌ನಲ್ಲಿ ನೋಟೋ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ, ತಿರೋ ಕನ್ನಡ, ಅಕಾಯ ಕನಡಕ ಉಚಿತವಾಗಿ ಸಿಗುತ್ತವೆ. ‘ಬೆಣ್ಣೆ’ ಎಂಬ ಹೆಸರಿನದೂ ಒಂದಿದೆ, ದಾವಣಗೆರೆ ಜಿಲ್ಲೆಯವರಿಗೆ ಆ ಹೆಸರು ಮರೆಯುವುದಿಲ್ಲ. ದಪ್ಪ ಶೀರ್ಷಿಕೆಗೆ ಬಾಲೂ ತಮ್ಮ, ಸಣ್ಣ ಅಕ್ಷರಕ್ಕೆ ನೋಟೋ. ನನ್ನ ಮುಕ್ಕಾಲು ಪಾಲು ಕೆಲಸ ಈ ಎರಡರಲ್ಲೇ ಮುಗಿಯುತ್ತದೆ.

4. ಒಂದೇ ಸಾಧನ ಎಲ್ಲಕ್ಕೂ ಆಗುವುದಿಲ್ಲ, ಎರಡು ಸಾಕು

ಕ್ಯಾನ್ವಾ 2013ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದದ್ದು. ಪೋಸ್ಟರ್, ಧಾರಣೆ ಕಾರ್ಡು, ಶುಭಾಶಯಕ್ಕೆ ಇದಕ್ಕಿಂತ ಬೇಗ ಕೈಗೆ ಹತ್ತುವುದು ನಾನು ಕಂಡಿಲ್ಲ. ಆದರೆ ಹಿನ್ನೆಲೆ ಪಾರದರ್ಶಕವಾಗಿ ಇಳಿಸಿಕೊಳ್ಳಲು, ಒಂದೇ ಒತ್ತಿಗೆ ಅಳತೆ ಬದಲಿಸಲು ಹಣ ಕೊಡಬೇಕು. ಕಿರೀಟದ ಗುರುತಿರುವ ಚಿತ್ರಗಳೂ ಹಣದವೇ.

ಗಿಂಪ್ ಪೂರ್ತಿ ಉಚಿತ. 1995ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಸ್ಪೆನ್ಸರ್ ಕಿಂಬಾಲ್, ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಶುರುಮಾಡಿದ್ದು. 2025ರ ಮಾರ್ಚ್‌ನಲ್ಲಿ ಅದರ 3.0 ಆವೃತ್ತಿ ಬಂತು. ಫೋಟೋ ತಿದ್ದಲು, ಪದರ ಹಾಕಲು, ಹಿನ್ನೆಲೆ ತೆಗೆಯಲು ಗಟ್ಟಿಯಾದ ಸಾಧನ. ಮೊದಲ ವಾರ ಮುಖಪುಟ ನೋಡಿ ಗಾಬರಿಯಾಗುತ್ತದೆ. ನಾನು ಕಲಿಸುವಾಗ ಕತ್ತರಿಸುವುದು, ಅಳತೆ ಇಳಿಸುವುದು, ಬೆಳಕು ಸರಿಮಾಡುವುದು, ಅಕ್ಷರ ಬರೆಯುವುದು, ರಫ್ತು ಮಾಡುವುದು, ಈ ಐದನ್ನು ಮಾತ್ರ ತೋರಿಸುತ್ತೇನೆ. ಉಳಿದದ್ದು ಬೇಕಾದಾಗ ತಾನೇ ಬರುತ್ತದೆ.

ಪೇಂಟ್ ಡಾಟ್ ನೆಟ್ ವಿಂಡೋಸ್‌ಗೆ ಮಾತ್ರ. ಹಗುರ, ಹಳೆಯ ಯಂತ್ರದಲ್ಲೂ ಓಡುತ್ತದೆ. ಆದರೆ ಒಮ್ಮೆ ಬರೆದು ಮುಗಿಸಿದ ಅಕ್ಷರವನ್ನು ಅದರಲ್ಲಿ ಆಮೇಲೆ ತಿದ್ದಲಾಗದು. ಫೋಟೋಪಿಯ ಬ್ರೌಸರಿನಲ್ಲೇ ತೆರೆಯುತ್ತದೆ, ಫೋಟೋಶಾಪ್ ಕಡತ ಬಂದರೆ ಬಿಚ್ಚಿ ತೋರಿಸುತ್ತದೆ. ಲೋಗೋಗೆ ಇಂಕ್‌ಸ್ಕೇಪ್. ಮೊಬೈಲಿನಲ್ಲೇ ಫೋಟೋ ಸರಿಮಾಡಲು ಸ್ನ್ಯಾಪ್‌ಸೀಡ್.

ಇಷ್ಟನ್ನೂ ಯಾರೂ ಕಲಿಯಬೇಕಿಲ್ಲ. ಬೇಗದ ಕೆಲಸಕ್ಕೆ ಒಂದು, ತಾಳ್ಮೆಯ ಕೆಲಸಕ್ಕೆ ಇನ್ನೊಂದು ಸಾಕು. ಬಹುಪಾಲು ಜನರಿಗೆ ನಾನು ಕ್ಯಾನ್ವಾ ಮತ್ತು ಗಿಂಪ್ ಎನ್ನುತ್ತೇನೆ.

5. ಚಿತ್ರದ ತೂಕ ನೋಡುವ ಅಭ್ಯಾಸ

ಸಂತೇಬೆನ್ನೂರಿನ ಪುಷ್ಕರಣಿಯನ್ನು ನೋಡದ ಚನ್ನಗಿರಿ ತಾಲ್ಲೂಕಿನವರಿಲ್ಲ. ನೀರಿನ ನಡುವೆ ವಸಂತ ಮಂಟಪ, ಸುತ್ತ ಮೆಟ್ಟಿಲು, ಆಚೆ ಮುಸಾಫಿರ್‌ಖಾನೆ. 16ನೇ ಶತಮಾನದ ಪಾಳೆಯಗಾರ ಹನುಮಪ್ಪ ನಾಯಕನ ಕಾಲದ್ದು. ಒಂದು ಪ್ರವಾಸಿ ಪುಟಕ್ಕೆ ಅದರ 20 ಫೋಟೋ ಹಾಕಿದ್ದರು. ಒಂದೊಂದೂ ಮೊಬೈಲಿನಿಂದ ನೇರ ಬಂದದ್ದು: 4000 ಪಿಕ್ಸೆಲ್ ಅಗಲ, 3000 ಎತ್ತರ, ಸುಮಾರು 5 ಎಂಬಿ. ಪುಟ ತೆರೆಯಲು ಒಟ್ಟು 100 ಎಂಬಿ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇರುವ ಹುಡುಗನಿಗೆ ಅದು ಅವನ ದಿನದ ಡೇಟಾದ ಹದಿನೈದನೇ ಒಂದು ಪಾಲು. ಸೂಳೆಕೆರೆಯ ಏರಿಯ ಮೇಲೆ ನಿಂತು ನಾನೇ ಆ ಪುಟ ತೆರೆಯಲು ನೋಡಿದೆ. ಅರ್ಧ ಮಂಟಪ ಮೂಡುವಷ್ಟರಲ್ಲಿ ಬಸ್ಸು ಬಂತು.

ಗಿಂಪ್‌ನಲ್ಲಿ ಒಂದು ಫೋಟೋ ತೆರೆದು ಮಾಡಿ ತೋರಿಸಿದೆ. ಮೊದಲು ಓರೆಯಾಗಿದ್ದ ನೀರಿನ ಗೆರೆ ನೇರಮಾಡಿದೆ. ನೀರು ಓರೆಯಾದರೆ ಕಣ್ಣು ತಕ್ಷಣ ಹಿಡಿಯುತ್ತದೆ. ಆಮೇಲೆ ಅಂಚಿನಲ್ಲಿದ್ದ ವಿದ್ಯುತ್ ಕಂಬ ಕತ್ತರಿಸಿದೆ. ಅಗಲ 1200, ಎತ್ತರ 900ಕ್ಕೆ ಇಳಿಸಿದೆ. ಒಂದು ಕೋಟಿ 20 ಲಕ್ಷ ಪಿಕ್ಸೆಲ್ ಇದ್ದದ್ದು ಸುಮಾರು 11 ಲಕ್ಷಕ್ಕೆ ಇಳಿಯಿತು, ಅಂದರೆ ಹನ್ನೊಂದರಲ್ಲಿ ಒಂದು ಪಾಲು. ಜೆಪೆಗ್ ಆಗಿ ಗುಣಮಟ್ಟ 80ರಲ್ಲಿ ರಫ್ತು ಮಾಡಿದಾಗ ಕಡತ 200 ಕೆಬಿ ಆಸುಪಾಸು ಬಂತು. ಮೊಬೈಲ್ ಪರದೆಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಯಾವುದು ಯಾವುದೆಂದು ಕೇಳಿದೆ. ಯಾರೂ ಹೇಳಲಾಗಲಿಲ್ಲ.

ಅಳತೆಗಳನ್ನು ಗೋಡೆಯ ಮೇಲೆ ಬರೆದಿಡಿ. ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ 1080×1920, ಚೌಕ ಪೋಸ್ಟರಿಗೆ 1080×1080, ಲಿಂಕ್ ಕಳಿಸಿದಾಗ ಮೇಲೆ ಕಾಣುವ ಚಿತ್ರಕ್ಕೆ 1200×630. ಡಿಪಿಐ ಎಂಬ ಅಂಕಿ ಮುದ್ರಣದ್ದು, ವೆಬ್‌ಗೆ ಪಿಕ್ಸೆಲ್ ಲೆಕ್ಕ ಮಾತ್ರ. ಇಷ್ಟನ್ನು ಮೂರು ಒತ್ತಿನಲ್ಲಿ ಮಾಡಲು ಬಿಡದ ಸಾಫ್ಟ್‌ವೇರ್ ಎಷ್ಟೇ ಅಂದವಾಗಿದ್ದರೂ ನಮಗೆ ಸುಲಭವಲ್ಲ.

6. ಫೋಟೋಗೆ ಜೆಪೆಗ್, ಅಕ್ಷರಕ್ಕೆ ಪಿಎನ್‌ಜಿ, ಲೋಗೋಗೆ ಎಸ್‌ವಿಜಿ

ಧಾರಣೆ ಕಾರ್ಡನ್ನು ಜೆಪೆಗ್ ಮಾಡಿದರೆ ಅಂಕಿಗಳ ಸುತ್ತ ಮಸಿ ಚೆಲ್ಲಿದಂತೆ ಕಾಣುತ್ತದೆ. ಸಮಬಣ್ಣ, ಅಕ್ಷರ ಇರುವಲ್ಲಿ ಪಿಎನ್‌ಜಿ ಇಡಿ, ಅಂಚು ಚೂಪಾಗಿ ಉಳಿಯುತ್ತದೆ. ಹಿನ್ನೆಲೆ ಇಲ್ಲದ ಚಿತ್ರ ಬೇಕೆಂದರೂ ಅದೇ, ಜೆಪೆಗ್‌ನಲ್ಲಿ ಪಾರದರ್ಶಕತೆ ಇಲ್ಲ. ಗೂಗಲ್ 2010ರಲ್ಲಿ ತಂದ ವೆಬ್‌ಪಿ ಎರಡೂ ಕೆಲಸ ಮಾಡಿ ತೂಕವನ್ನೂ ಇಳಿಸುತ್ತದೆ, ವೆಬ್‌ಸೈಟಿಗೆ ಧೈರ್ಯವಾಗಿ ಬಳಸಿ. ಲೋಗೋ ಎಸ್‌ವಿಜಿಯಲ್ಲಿದ್ದರೆ ಎಷ್ಟು ಹಿಗ್ಗಿಸಿದರೂ ಒಡೆಯುವುದಿಲ್ಲ. ಅದರಲ್ಲಿ ಕನ್ನಡ ಅಕ್ಷರವಿದ್ದರೆ ಇಂಕ್‌ಸ್ಕೇಪ್‌ನಲ್ಲಿ ಅದನ್ನು ಗೆರೆಯಾಗಿ ಪರಿವರ್ತಿಸಿ, ಇಲ್ಲವಾದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬೇರೆ ರೂಪ ತಾಳುತ್ತದೆ. ತಿದ್ದಲು ಬರುವ ಪ್ರತಿಯನ್ನು ಬೇರೆ ಇಟ್ಟುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಮೂಲ ಫೋಟೋ ಕಳಿಸುವಾಗ ‘ಡಾಕ್ಯುಮೆಂಟ್’ ಆಗಿ ಕಳಿಸಿ. ಚಿತ್ರವಾಗಿ ಕಳಿಸಿದರೆ ಅದು ದಾರಿಯಲ್ಲೇ ಕುಗ್ಗುತ್ತದೆ.

7. ಫ್ಲೆಕ್ಸ್ ಕಡತವನ್ನು ವೆಬ್‌ಗೆ ಹಾಕಬೇಡಿ

ಹೊನ್ನಾಳಿಯಲ್ಲಿ ಒಂದು ಕಾರ್ಯಕ್ರಮದ ಫ್ಲೆಕ್ಸ್ ಕಡತವನ್ನೇ ಫೇಸ್‌ಬುಕ್‌ಗೆ ಹಾಕಿದ್ದರು. ಬಣ್ಣ ಕಣ್ಣಿಗೆ ಹೊಡೆಯುವಂತೆ ಬದಲಾಗಿತ್ತು. ಅದು ಮುದ್ರಣದ ನಾಲ್ಕು ಶಾಯಿಯ ಸಿಎಂವೈಕೆ ಲೆಕ್ಕದಲ್ಲಿತ್ತು. ಪರದೆಗೆ ಬೇಕಾದದ್ದು ಆರ್‌ಜಿಬಿ. ಬಣ್ಣಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಹತ್ತಡಿ ಫ್ಲೆಕ್ಸಿನಲ್ಲಿ 30 ಹೆಸರು ಓದಬಹುದು, ಅಂಗೈಯ ಪರದೆಯಲ್ಲಿ ಮೂರು ಸಾಲು ಮಾತ್ರ: ಏನು, ಎಲ್ಲಿ, ಯಾವಾಗ. ಫ್ಲೆಕ್ಸನ್ನು ಕುಗ್ಗಿಸಬೇಡಿ, ವೆಬ್‌ಗೆ ಬೇರೆಯೇ ಮಾಡಿ.

8. ಮೂಲ ಕಡತವೇ ಆಸ್ತಿ

2017ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ನ್ಯಾಮತಿಯೂ ಒಂದು. ಅಲ್ಲಿಯವರೆಗೆ ಹೊನ್ನಾಳಿ ತಾಲ್ಲೂಕು ಎಂದು ಬರೆಯುತ್ತಿದ್ದ ನೂರಾರು ವಿಳಾಸಗಳು ಬದಲಾಗಬೇಕಾಯಿತು. ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪದ ವಿಳಾಸವೂ ಹಾಗೇ ಬದಲಾಯಿತು. ನನ್ನ ಬಳಿ ಬಂದವರಲ್ಲಿ ಕೆಲವರ ಹತ್ತಿರ ಜೆಪೆಗ್ ಮಾತ್ರ ಇತ್ತು. ಅಕ್ಷರ ಚಿತ್ರದೊಳಗೆ ಕಲಸಿಹೋಗಿತ್ತು, ಎಲ್ಲವನ್ನೂ ಮೊದಲಿನಿಂದ ಕಟ್ಟಿದೆವು. ಗಿಂಪ್‌ನ ಎಕ್ಸ್‌ಸಿಎಫ್ ಕಡತ ಉಳಿಸಿಕೊಂಡಿದ್ದ ಒಬ್ಬರು ಅಕ್ಷರದ ಪದರ ತೆರೆದು ಒಂದು ಪದ ತಿದ್ದಿದರು, ಎರಡು ನಿಮಿಷದಲ್ಲಿ ಕೆಲಸ ಆಯಿತು.

ಹಿಂದೆಯೂ ಹೀಗೆ ಆಗಿದೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ, ಜಗಳೂರು ಚಿತ್ರದುರ್ಗದಿಂದ ಬಂದವು. ನಾಮಫಲಕಗಳನ್ನೆಲ್ಲ ಹೊಸದಾಗಿ ಬರೆಯಬೇಕಾಯಿತು. ಊರಿನ ವಿಳಾಸವೇ ಬದಲಾಗುವ ಜಾಗದಲ್ಲಿ ತಿದ್ದಲು ಬರುವ ಕಡತ ಇಟ್ಟುಕೊಳ್ಳದೆ ಇರಬಾರದು. ಕೆಲಸ ಮಾಡಿಕೊಟ್ಟವರಿಂದ ಅದನ್ನು ಕೇಳಿ ಪಡೆಯಿರಿ. ಕ್ಯಾನ್ವಾ ಖಾತೆ ಸಂಸ್ಥೆಯ ಹೆಸರಿನಲ್ಲಿರಲಿ. ಹುಡುಗ ಕೆಲಸ ಬಿಟ್ಟುಹೋದರೆ ಪೋಸ್ಟರುಗಳು ಅವನ ಹಿಂದೆ ಹೋಗಬಾರದು.

9. ಪೆನ್‌ಡ್ರೈವಿನ ‘ಕ್ರ್ಯಾಕ್’ ಬೇಡ

ಒಂದು ಅಂಗಡಿಯಲ್ಲಿ ಹೀಗೆ ಪೆನ್‌ಡ್ರೈವಿನಿಂದ ಪುಕ್ಕಟೆ ಫೋಟೋಶಾಪ್ ಹಾಕಿಸಿಕೊಂಡ ಕಂಪ್ಯೂಟರಿನಲ್ಲಿ ನಾನು ಕೆಲಸ ಮಾಡುತ್ತಿದ್ದೆ. ಅದರ ಜೊತೆ ಬಂದ ವೈರಸ್ ಒಂದು ಬೆಳಿಗ್ಗೆ ಫೋಟೋ ಕಡತಗಳನ್ನೆಲ್ಲ ತೆರೆಯದಂತೆ ಮಾಡಿತು. ಮೂರು ವರ್ಷದ ಮದುವೆ ಫೋಟೋಗಳು ಅದರಲ್ಲಿದ್ದವು. ಬೇರೆಯವರ ನೆನಪುಗಳು. ಕದ್ದ ಸಾಫ್ಟ್‌ವೇರ್ ತಪ್ಪು ಎಂಬುದರ ಜೊತೆಗೆ, ಗಿಂಪ್, ಇಂಕ್‌ಸ್ಕೇಪ್‌ನಂಥವು ನ್ಯಾಯವಾಗಿ ಉಚಿತ ಸಿಗುವಾಗ ಅದರ ಅಗತ್ಯವೇ ಇಲ್ಲ. ಅವುಗಳ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ.

ಚಿತ್ರಗಳಿಗೂ ಇದೇ ಮಾತು. ಗೂಗಲ್‌ನಲ್ಲಿ ಕಂಡ ಫೋಟೋ ಎಲ್ಲರದ್ದಲ್ಲ. ಊರಿನ ಛಾಯಾಗ್ರಾಹಕರನ್ನು ಕೇಳಿ, ಹೆಸರು ಹಾಕಿ. ವಿಕಿಮೀಡಿಯ ಕಾಮನ್ಸ್‌ನಿಂದ ತೆಗೆದರೆ ಅಲ್ಲಿನ ಪರವಾನಗಿ ಓದಿ.

10. ಕರೆಂಟು ಹೋದಾಗ ಏನಾಗುತ್ತದೆ ನೋಡಿ

ಬ್ರೌಸರಿನಲ್ಲಿ ಓಡುವ ಸಾಧನಕ್ಕೆ ಇಂಟರ್‌ನೆಟ್ ಬೇಕು. ಜಗಳೂರಿನ ಒಂದು ಹಳ್ಳಿಯಲ್ಲಿ ತರಬೇತಿ ನಡೆದಾಗ ಕರೆಂಟು ಹೋಯಿತು, ವೈಫೈ ನಿಂತಿತು. ಲ್ಯಾಪ್‌ಟಾಪಿನಲ್ಲಿ ಗಿಂಪ್ ತೆರೆದಿದ್ದವರು ಬ್ಯಾಟರಿಯಲ್ಲೇ ಮುಗಿಸಿದರು, ಉಳಿದವರು ಕಾದರು. ಆರಿಸುವಾಗ ಕಂಪ್ಯೂಟರಿನ ರ್‍ಯಾಮ್ ಎಷ್ಟು, ನೆಟ್ ಎಷ್ಟು ಹೊತ್ತು ಇರುತ್ತದೆ ಎಂದು ಮೊದಲು ಕೇಳಿಕೊಳ್ಳಿ. ಹತ್ತು ನಿಮಿಷಕ್ಕೊಮ್ಮೆ ಸೇವ್ ಮಾಡುವುದನ್ನು ಕೈಗೆ ಅಭ್ಯಾಸ ಮಾಡಿಸಿ.

11. ನಾಲ್ಕು ಕೊಂಬು ಎಣಿಸಿ

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ವನ್ಯಧಾಮ ಕೊಂಡುಕುರಿಗೆ ಹೆಸರಾದದ್ದು. ಗಂಡು ಕೊಂಡುಕುರಿಗೆ ನಾಲ್ಕು ಕೊಂಬು. ಮಕ್ಕಳ ಪೋಸ್ಟರಿಗೆ ಒಬ್ಬರು ಕೃತಕ ಬುದ್ಧಿಮತ್ತೆಯಿಂದ ಚಿತ್ರ ಮಾಡಿಸಿದರು. ನೋಡಲು ಚೆಂದವಿತ್ತು, ಕೊಂಬು ಎರಡೇ ಇದ್ದವು. ಕೆಳಗಿನ ಕನ್ನಡ ಅಕ್ಷರಗಳಂತೂ ಯಾವ ಲಿಪಿಯದ್ದೂ ಆಗಿರಲಿಲ್ಲ. ಆ ಚಿತ್ರ ಹಾಗೇ ಹೋಗಿದ್ದರೆ ತಮ್ಮದೇ ಕಾಡಿನ ಪ್ರಾಣಿಯನ್ನು ಮಕ್ಕಳು ತಪ್ಪಾಗಿ ಕಲಿಯುತ್ತಿದ್ದರು. ಹಿನ್ನೆಲೆ ತೆಗೆಯಲು, ಕಲೆ ಅಳಿಸಲು ಕೃತಕ ಬುದ್ಧಿಮತ್ತೆಯ ಸೌಲಭ್ಯಗಳನ್ನು ಬಳಸಿ. ನಿಜವಾದ ಊರು, ಪ್ರಾಣಿ, ಮನುಷ್ಯರನ್ನು ತೋರಿಸುವಾಗ ನಿಜವಾದ ಫೋಟೋನೇ ಹಾಕಿ.

12. ಚಿತ್ರದಲ್ಲಿ ಬರೆದದ್ದನ್ನು ಕೆಳಗೂ ಬರೆಯಿರಿ

ಕಣ್ಣು ಕಾಣದವರ ಮೊಬೈಲಿನಲ್ಲಿ ಟಾಕ್‌ಬ್ಯಾಕ್ ಎಂಬ ಸೌಲಭ್ಯ ಕನ್ನಡವನ್ನು ಓದಿ ಹೇಳುತ್ತದೆ. ಪೋಸ್ಟರ್ ಬರೀ ಚಿತ್ರವಾಗಿದ್ದರೆ ಅದರ ಒಳಗಿನ ದಿನಾಂಕ ಅವರಿಗೆ ಸರಿಯಾಗಿ ತಲುಪುವ ಭರವಸೆ ಇಲ್ಲ. ಹುಡುಕುವವರಿಗೂ ಅದು ಸುಲಭಕ್ಕೆ ಸಿಗುವುದಿಲ್ಲ. ವೆಬ್‌ಸೈಟಿನಲ್ಲಿ ಚಿತ್ರದ ಬದಲಿ ಪಠ್ಯ ತುಂಬಿ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರದ ಕೆಳಗೆ ಏನು, ಎಲ್ಲಿ, ಯಾವಾಗ ಎಂದು ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಒಂದು ನಿಮಿಷದ ಕೆಲಸ, ಅದರಿಂದ ಒಬ್ಬರಿಗೆ ಸುದ್ದಿ ತಲುಪಿದರೂ ಸಾರ್ಥಕ.

ಇಷ್ಟೂ ಪಾಠಗಳು ನನಗೆ ಪುಸ್ತಕದಿಂದ ಬಂದವಲ್ಲ. ಪರದೆಯ ಮೇಲೆ ಬೆರಳಿಟ್ಟ ಮೇಷ್ಟ್ರು, ಎರಡು ನಿಮಿಷದಲ್ಲಿ ವಿಳಾಸ ತಿದ್ದಿದವರು, ಬೆಳಿಗ್ಗೆ ಐದು ನಿಮಿಷದಲ್ಲಿ ಧಾರಣೆ ಹಾಕುವ ಹುಡುಗ ಕೊಟ್ಟವು. ಹೊಸ ಸಾಫ್ಟ್‌ವೇರ್ ವರ್ಷವರ್ಷವೂ ಬರುತ್ತದೆ, ಜಾಹೀರಾತು ನೋಡಿ ಆರಿಸಬೇಡಿ. ತೆರೆದ ಕೂಡಲೇ ನಿಮ್ಮ ಊರಿನ ಹೆಸರನ್ನು, ಪಕ್ಕದಲ್ಲಿ ‘ತೀರ್ಥರಾಮೇಶ್ವರ’ ಎಂದೂ ಕನ್ನಡದಲ್ಲಿ ಬರೆದು ನೋಡಿ. ಒತ್ತು ತನ್ನ ಜಾಗದಲ್ಲಿ ನಿಂತರೆ ಮುಂದಿನ ಪಾಠಕ್ಕೆ ಹೋಗಿ. ನಿಲ್ಲದಿದ್ದರೆ ಮುಚ್ಚಿ, ಇನ್ನೊಂದು ತೆರೆಯಿರಿ.